ಹತ್ತು ನಿಮಿಷದ ನಾಟಕ ನೋಡೋದು ಹೇಗೆ? ಹೊಸ ಕಿರುನಾಟಕಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾಟಕ ಮುಗಿದು ದೀಪ ಹತ್ತಿದ ಕೂಡಲೇ ಪಕ್ಕದವರು ತಿರುಗಿ ಕೇಳುತ್ತಾರೆ: "ಹೇಗಿತ್ತು?" ನಾವು "ಚೆನ್ನಾಗಿತ್ತು" ಅನ್ನುತ್ತೇವೆ. ಇಲ್ಲಾಂದ್ರೆ "ಪರವಾಗಿಲ್ಲ". ಆಮೇಲೆ ಪಾರ್ಕಿಂಗು, ಆಟೋ, ಊಟ. ಮಾತು ಅಲ್ಲಿಗೇ ಮುಗಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಂದೇ ಸಂಜೆ ಆರು ಕಿರುನಾಟಕ ನೋಡಿದೆ. ಕೊನೆಗೆ ಪ್ರೇಕ್ಷಕರ ಓಟು ಅಂತ ಚೀಟಿ ಹಂಚಿದರು. ಜಾಸ್ತಿ ನಗಿಸಿದ ನಾಟಕಕ್ಕೆ ನನ್ನ ಓಟು ಹಾಕಿ ಬಂದೆ. ವಾರ ಕಳೆದ ಮೇಲೆ ಅದರಲ್ಲಿ ಏನಿತ್ತು ಅಂತ ನೆನೆಸಿಕೊಂಡರೆ ಒಂದು ಚೌಕಳಿ ಲುಂಗಿ ಬಿಟ್ಟು ಬೇರೇನೂ ನೆನಪಾಗಲಿಲ್ಲ. ಆದರೆ ಮೂರನೆಯದಾಗಿ ಬಂದ ನಾಟಕದಲ್ಲಿ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತ ಹೆಂಗಸೊಬ್ಬಳು ಕೈಚೀಲದ ಜಿಪ್ ಮೂರು ಸಲ ತೆಗೆದು ಮೂರು ಸಲ ಹಾಕಿದ್ದಳು. ಅದು ಹಾಗೇ ಕಣ್ಣ ಮುಂದಿತ್ತು. ಆವತ್ತು ಅದೇ ನಾಟಕವನ್ನು "ಏನೂ ಆಗಲೇ ಇಲ್ಲ" ಅಂತ ಗೊಣಗಿಕೊಂಡು ಬಿಟ್ಟಿದ್ದೆ. ಓಟು ಹೋಗಲಿ, ನಾನು ನೋಡಿದ ರೀತಿಯೇ ಸರಿ ಇರಲಿಲ್ಲ.

ಆಮೇಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಮೊದಲು ಏನು ಕಂಡಿತು ಅಂತ ಹೇಳಿಕೊಳ್ಳುವುದು. ಹೇಗಿತ್ತು ಅನ್ನೋದು ಆಮೇಲೆ. ಈ ಬರಹದಲ್ಲಿ ಬರುವ ಎಲ್ಲ ಹೆಜ್ಜೆಗಳೂ ಈ ಒಂದು ಅಭ್ಯಾಸದಿಂದಲೇ ಹುಟ್ಟಿದವು. ಹೊಸ ನಾಟಕಕ್ಕೆ ಇದು ಇನ್ನೂ ಜಾಸ್ತಿ ಬೇಕು. ಹಳೆಯ ನಾಟಕವಾದರೆ ದೊಡ್ಡವರು ಏನು ಹೇಳಿದ್ದಾರೆ ಅಂತ ನಮಗೆ ಗೊತ್ತಿರುತ್ತದೆ, ಅದನ್ನೇ ಹಿಡಿದುಕೊಂಡು ನೋಡುತ್ತೇವೆ. ಹೋದ ತಿಂಗಳು ಬರೆದ ನಾಟಕದ ಬಗ್ಗೆ ಯಾರೂ ಏನೂ ಹೇಳಿಲ್ಲ. ನಾವೇ ಮೊದಲಿಗರು.

ಕಿರುನಾಟಕ ಅಂದರೆ ಯಾವುದು?

ಒಂದು ತಪ್ಪು ತಿಳಿವಳಿಕೆ ಮೊದಲೇ ಬಿಡಿಸಿಕೊಳ್ಳೋಣ. ಕಿರುನಾಟಕ ದೊಡ್ಡ ನಾಟಕದ ಚಿಕ್ಕ ಕಾಪಿ ಅಲ್ಲ. ಎರಡು ಗಂಟೆಯ ನಾಟಕದಲ್ಲಿ ಒಬ್ಬ ಮನುಷ್ಯ ಹೇಗಿದ್ದವನು ಹೇಗಾದ ಅಂತ ತೋರಿಸಬಹುದು. ಹತ್ತು ನಿಮಿಷದಲ್ಲಿ ಅದು ಆಗದ ಕೆಲಸ. ಅಲ್ಲಿ ಒಂದೇ ಒಂದು ಹೊರಳು, ಅಂದರೆ ಏನೋ ಬದಲಾಗುವ ಒಂದು ತಿರುವು, ಇರುತ್ತದೆ. ಬಾಗಿಲು ತೆಗೆಯಬೇಕಾ ಬೇಡವಾ ಅನ್ನುವಷ್ಟು ಸಣ್ಣದು.

ಕನ್ನಡಕ್ಕೆ ಇದೇನೂ ಹೊಸದಲ್ಲ. ಏಕಾಂಕ ಅನ್ನೋ ಮಾತು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಕೈಲಾಸಂ ಮನೆಯೊಳಗಿನ ಮಾತನ್ನು, ಅದರಲ್ಲೂ ಇಂಗ್ಲಿಷ್ ಬೆರೆಸಿದ ಪೇಟೆಯ ಕನ್ನಡವನ್ನು, ಹಾಗೇ ಎತ್ತಿ ರಂಗದ ಮೇಲೆ ಇಟ್ಟರು. ಆಮೇಲೆ ಅಂತರಕಾಲೇಜು ಏಕಾಂಕ ಸ್ಪರ್ಧೆಗಳು ಬಂದವು. ನಮ್ಮ ಎಷ್ಟೋ ನಟರು, ನಿರ್ದೇಶಕರು ಮೊದಲ ಸಲ ಬಣ್ಣ ಹಚ್ಚಿದ್ದು ಅಂಥ ಸ್ಪರ್ಧೆಗಳಲ್ಲೇ. 1975ರಲ್ಲಿ ಶುರುವಾದ 'ಸಮುದಾಯ' ತಂಡ ಬೀದಿನಾಟಕವನ್ನು ಊರೂರಿಗೆ ಒಯ್ದಿತು. ಅದೂ ಚಿಕ್ಕದೇ. ಆದರೆ ಅದರ ಲೆಕ್ಕ ಬೇರೆ. ನಿಂತು ನೋಡುವವರು ಯಾವಾಗ ಬೇಕಾದರೂ ಹೊರಟುಹೋಗಬಹುದು, ಹಾಗಾಗಿ ಅದು ಕೂಗಿ ಹೇಳುತ್ತದೆ. ಒಳಾಂಗಣದ ಕಿರುನಾಟಕ ಪಿಸುಗುಟ್ಟಬಹುದು. ಒಂದರ ಅಳತೆಗೋಲು ಹಿಡಿದು ಇನ್ನೊಂದನ್ನು ಅಳೆಯಬೇಡಿ.

ಹೊರಗೂ ಅಷ್ಟೇ. ರಷ್ಯದ ನಾಟಕಕಾರ ಚೆಕಾಫ್ 1888ರಲ್ಲಿ ಬರೆದ 'ಕರಡಿ' ಒಂದೇ ಅಂಕದ ತಮಾಷೆ. ಐರ್ಲೆಂಡಿನ ನಾಟಕಕಾರ ಬೆಕೆಟ್‌ನ 'ಬ್ರೆತ್' 1969ರಲ್ಲಿ ರಂಗಕ್ಕೆ ಬಂತು. ಒಂದು ನಿಮಿಷವೂ ಇಲ್ಲ, ಒಂದು ಮಾತೂ ಇಲ್ಲ, ಒಬ್ಬ ನಟನೂ ಇಲ್ಲ. 2002ರಲ್ಲಿ ಸಿಡ್ನಿಯಲ್ಲಿ ಶುರುವಾದ 'ಶಾರ್ಟ್ ಆ್ಯಂಡ್ ಸ್ವೀಟ್' ಉತ್ಸವ ತನ್ನ ನಾಟಕಗಳಿಗೆ ಹತ್ತು ನಿಮಿಷ ಅನ್ನೋ ಗೆರೆ ಎಳೆಯಿತು. ಅದು ನಮ್ಮ ದೇಶಕ್ಕೂ ಬಂತು. ಈಗ ಹತ್ತು ನಿಮಿಷ ಅನ್ನೋದು ಎಲ್ಲ ಕಡೆ ಒಂದು ರೂಢಿಯ ಹಾಗಾಗಿದೆ. ನಮ್ಮ ಏಕಾಂಕಗಳು ಸಾಮಾನ್ಯವಾಗಿ ಅದಕ್ಕಿಂತ ಉದ್ದ, ಅರ್ಧ ಗಂಟೆ ಮುಕ್ಕಾಲು ಗಂಟೆಯವರೆಗೂ ಹೋಗುತ್ತವೆ.

ಹೆಜ್ಜೆ 1: ಎಲ್ಲಿ ಸಿಗುತ್ತದೆ ಅಂತ ಹುಡುಕಿ

ಬೆಂಗಳೂರಿನಲ್ಲಿದ್ದರೆ ಕಷ್ಟವಿಲ್ಲ. ಜೆ.ಪಿ. ನಗರದ ರಂಗಶಂಕರ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಹನುಮಂತನಗರದ ಕೆ.ಎಚ್. ಕಲಾಸೌಧ. ಇವುಗಳ ಕಾರ್ಯಕ್ರಮ ಪಟ್ಟಿ ಮೇಲೆ ಕಣ್ಣಿಟ್ಟಿರಿ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಯಲ್ಲಿ ರಂಗಾಯಣ ಅನ್ನೋ ಸರ್ಕಾರಿ ರಂಗಸಂಸ್ಥೆ ಇದೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ ಅನ್ನೋ ನಾಟಕ ಸಂಸ್ಥೆ.

ಆದರೆ ನಿಜವಾಗಿ ಹೊಸದು ಬೇಕು ಅಂದರೆ ದೊಡ್ಡ ಬೋರ್ಡುಗಳನ್ನು ಬಿಟ್ಟು ಸ್ವಲ್ಪ ಆಚೆ ನೋಡಿ. ಕಾಲೇಜು ಸ್ಪರ್ಧೆಗಳಿಗೆ ಹೋಗಿ. ಯಾರದೋ ಮನೆಯ ತಾರಸಿಯಲ್ಲಿ, ಸಣ್ಣ ಕೆಫೆಯಲ್ಲಿ ನಾಟಕದ ಓದು ಇದೆ ಅಂತ ಮೆಸೇಜ್ ಬಂದರೆ ಹೋಗಿ. ಹೊರದೇಶದಲ್ಲಿರುವವರಿಗೆ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಗಳಿವೆ. ಭಾವಗೀತೆಗೂ ಊಟಕ್ಕೂ ನಡುವೆ ಹದಿನೈದು ನಿಮಿಷದ ಒಂದು ನಾಟಕ ತೂರಿಕೊಂಡಿರುತ್ತದೆ. ಮೈಕು ಕಿರುಚುತ್ತದೆ, ಮಕ್ಕಳು ಓಡಾಡುತ್ತವೆ. ಆದರೂ ಅಲ್ಲಿನ ಬದುಕನ್ನು ಕನ್ನಡದಲ್ಲಿ ಬರೆಯುವವರು ಅವರು ಬಿಟ್ಟರೆ ಇನ್ಯಾರು?

ಹೆಜ್ಜೆ 2: ಬೇಗ ಹೋಗಿ, ಕಮ್ಮಿ ಓದಿ

ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. 2004ರಲ್ಲಿ ತೆರೆದಾಗಿಂದ ಈ ನಿಯಮದ ಬಗ್ಗೆ ಗೊಣಗಿದವರು ಬಹಳ ಜನ. ಕಿರುನಾಟಕದ ಮಟ್ಟಿಗೆ ಆ ನಿಯಮ ನೂರಕ್ಕೆ ನೂರು ಸರಿ. ಲೆಕ್ಕ ಹಾಕಿ ನೋಡಿ. ಎರಡು ಗಂಟೆಯ ನಾಟಕದಲ್ಲಿ ಎರಡು ನಿಮಿಷ ತಪ್ಪಿದರೆ ಅರುವತ್ತರಲ್ಲಿ ಒಂದು ಪಾಲು ಹೋಯಿತು. ಹತ್ತು ನಿಮಿಷದ ನಾಟಕದಲ್ಲಿ ಐದರಲ್ಲಿ ಒಂದು ಪಾಲೇ ಹೋಯಿತು. ಅದೂ ಶುರುವಿನ ಪಾಲು, ಎಲ್ಲ ಬೀಜ ಬಿತ್ತುವ ಹೊತ್ತು.

ಕಥೆಯ ಸಾರಾಂಶ ಓದಬೇಡಿ. ಹೆಸರು ಓದಿ, ಬರೆದವರು ಯಾರು ನೋಡಿ, ಸಾಕು. ಕರಪತ್ರದಲ್ಲಿ "ಈ ನಾಟಕವು ಆಧುನಿಕ ಬದುಕಿನ ಒಂಟಿತನವನ್ನು ಶೋಧಿಸುತ್ತದೆ" ಅಂತ ಇರುತ್ತದೆ. ಅದನ್ನು ಓದಿಬಿಟ್ಟರೆ ಮುಗಿಯಿತು. ಯಾರಾದರೂ ಕಾಫಿ ಕುಡಿದರೂ ನಿಮಗೆ ಒಂಟಿತನವೇ ಕಾಣುತ್ತದೆ.

ಹೆಜ್ಜೆ 3: ಮೊದಲ ನಿಮಿಷದಲ್ಲಿ ಕಣ್ಣು, ಆಮೇಲೆ ಕಿವಿ

ದೀಪ ಬಂದಾಗ ರಂಗದ ಮೇಲೆ ಏನಿದೆ ಅಂತ ಎಣಿಸಿ. ನಿಜವಾಗಿ ಎಣಿಸಿ, ಮನಸ್ಸಲ್ಲೇ. ಒಂದು ಕುರ್ಚಿ, ಒಂದು ಬಕೆಟ್ಟು, ನೇತುಹಾಕಿದ ಒಂದು ಅಂಗಿ.

ಯಾಕೆ ಅಂದರೆ, ಒಂದು ಸಂಜೆಗೆ ಐದಾರು ಕಿರುನಾಟಕ ಇದ್ದಾಗ ಒಂದರಿಂದ ಇನ್ನೊಂದಕ್ಕೆ ಸೆಟ್ ಬದಲಿಸಲು ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ಸಿಗುವುದಿಲ್ಲ. ಕತ್ತಲಲ್ಲಿ ಓಡಿ ಬಂದು ಇಟ್ಟು ಓಡಬೇಕು. ಸೋಫಾ, ಶೋಕೇಸು, ಗೋಡೆ ಗಡಿಯಾರ ಎಲ್ಲ ತರಲು ಆಗಲ್ಲ. ಹಾಗಾಗಿ ಅಲ್ಲಿಗೆ ಬಂದ ಪ್ರತಿ ವಸ್ತುವನ್ನೂ ಯಾರೋ ಕೂತು ಯೋಚಿಸಿ ಆರಿಸಿರುತ್ತಾರೆ. ಆ ಬಕೆಟ್ಟನ್ನು ಹತ್ತು ನಿಮಿಷದಲ್ಲಿ ಯಾರೂ ಮುಟ್ಟಲೇ ಇಲ್ಲ ಅಂದರೆ ಒಂದೋ ಅದು ಸುಮ್ನೆ ಬಂದಿದೆ, ಇಲ್ಲವೇ ಮುಟ್ಟದೇ ಇರುವುದೇ ನಾಟಕ. ಯಾವುದು ಅಂತ ನೀವೇ ಹೇಳಬೇಕು.

ಇನ್ನೊಂದು ವಿಷಯ. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ ನೋಡಿ. ಕೂತವರು ಆ ಜಾಗಕ್ಕೆ ಸೇರಿದವರು, ನಿಂತವರು ಹೊರಡುವವರು. ಯಾವಾಗಲೂ ಹೀಗೇ ಅಂತಲ್ಲ, ಆದರೆ ಆಶ್ಚರ್ಯ ಆಗುವಷ್ಟು ಸಲ ಹೀಗೇ ಇರುತ್ತದೆ.

ಹೆಜ್ಜೆ 4: ಹೊರಳು ಎಲ್ಲಿದೆ ಅಂತ ಹಿಡಿಯಿರಿ

ಇದು ಮುಖ್ಯವಾದದ್ದು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಸುಮ್ನೆ ಮಾತಲ್ಲಿ ಹೇಳಿದರೆ ತಲೆಗೆ ಹೋಗಲ್ಲ. ಬೇರೆಯವರ ನಾಟಕವನ್ನು ಇಲ್ಲಿ ಹರಿದು ಹಾಕುವುದಕ್ಕಿಂತ ನಾನೇ ಒಂದು ತುಣುಕು ಬರೆದಿದ್ದೇನೆ. ಓದಿ. ಜೋರಾಗಿ ಓದಿದರೆ ಇನ್ನೂ ಒಳ್ಳೆಯದು.

(ಹೆಚ್ಚುಕಮ್ಮಿ ಖಾಲಿಯಾದ ಅಡುಗೆಮನೆ. ನೆಲದ ಮೇಲೆ ಎರಡು ರಟ್ಟಿನ ಡಬ್ಬ. ಅಕ್ಕ ನೆಲದ ಮೇಲೆ ಕೂತು ಪಾತ್ರೆ ಸುತ್ತುತ್ತಿದ್ದಾಳೆ. ತಮ್ಮ ನಿಂತಿದ್ದಾನೆ, ಕೈಯಲ್ಲಿ ಫೋನು.)

ತಮ್ಮ: ಐದು ಗಂಟೆಗೆ ಬರ್ತಾರಂತೆ.
ಅಕ್ಕ: ಬರ್ಲಿ.
ತಮ್ಮ: ಕೀ ಕೊಟ್ಟು ಹೊರಟುಬಿಡೋಣ. ಆರೂವರೆಗೆ ನನ್ನ ಬಸ್ಸು.
ಅಕ್ಕ: ಹಂಚು ಯಾರಿಗೆ?
ತಮ್ಮ: ಯಾವ ಹಂಚು?
ಅಕ್ಕ: ರೊಟ್ಟಿ ಹಂಚು.
ತಮ್ಮ: ನೀನೇ ತಗೋ. ನಮ್ಮನೇಲಿ ಇಂಡಕ್ಷನ್ನು.
ಅಕ್ಕ: ಇದರ ಹಿಡಿಕಿ ಯಾಕ ಮುರದಿತ್ತು, ನೆನಪೈತಿ?
ತಮ್ಮ: ಇಲ್ಲ.
(ಅಕ್ಕ ಹಂಚನ್ನು ಹಳೇ ಪೇಪರಿನಲ್ಲಿ ಸುತ್ತತೊಡಗುತ್ತಾಳೆ. ತಮ್ಮ ಫೋನ್ ನೋಡುತ್ತಾನೆ. ಆಮೇಲೆ ಅವಳ ಕೈ ನೋಡುತ್ತಾನೆ.)
ತಮ್ಮ: ಹಂಗ ಸುತ್ತಬ್ಯಾಡ. ಹಿಡಿಕಿ ಸಡ್ಲ ಐತಿ.

ಇಷ್ಟೇ. ಒಂದು ನಿಮಿಷವೂ ಆಗಲ್ಲ. ಈಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಯಾರಿಗೆ ಏನು ಬೇಕು? ತಮ್ಮನಿಗೆ ಹೊರಡಬೇಕು. ಅದನ್ನು ಅವನು ಬಾಯಿಬಿಟ್ಟೇ ಹೇಳುತ್ತಾನೆ. ಅಕ್ಕನಿಗೆ ಏನು ಬೇಕು? ಹಂಚು ಬೇಕು ಅಂತ ಅನಿಸುತ್ತದೆ. ಆದರೆ "ನೀನೇ ತಗೋ" ಅಂದಾಗ ಅವಳು ತಗೊಂಡು ಸುಮ್ಮನಾಗಲಿಲ್ಲ, ಇನ್ನೊಂದು ಪ್ರಶ್ನೆ ಕೇಳಿದಳು. ಅಂದರೆ ಅವಳಿಗೆ ಬೇಕಾದದ್ದು ಹಂಚಲ್ಲ. ಅವನಿಗೆ ನೆನಪಿದೆಯಾ ಅಂತ ತಿಳಿಯಬೇಕು.

ಎರಡನೆಯದು, ಯಾವುದನ್ನು ಯಾರೂ ಹೇಳಲಿಲ್ಲ? ಇದು ಯಾರ ಅಡುಗೆಮನೆ ಅಂತ ಹೇಳಲಿಲ್ಲ. ಮನೆ ಮಾರಿದ್ದಾರೆ ಅಂತ ಹೇಳಲಿಲ್ಲ. ಅವ್ವ ಅನ್ನೋ ಪದ ಒಂದು ಸಲವೂ ಬರಲಿಲ್ಲ. ಆದರೂ ನೀವು ಅವಳನ್ನು ನೋಡಿದಿರಿ, ಅಲ್ವಾ?

ಮೂರನೆಯದು, ಹೊರಳು ಯಾವ ಸಾಲಿನಲ್ಲಿದೆ? ಕೊನೆಯ ಸಾಲು. ನೆನಪಿಲ್ಲ ಅಂದವನಿಗೆ ಹಿಡಿಕಿ ಸಡಿಲ ಅಂತ ಹೇಗೆ ಗೊತ್ತು?

ನಾಲ್ಕನೆಯದು, ಮಾತಿನಲ್ಲಿ ಏನು ಬದಲಾಯಿತು? ಮೊದಲಿಂದ ಅಕ್ಕ ಊರಿನ ಮಾತಾಡುತ್ತಾಳೆ. "ಯಾಕ", "ಐತಿ". ತಮ್ಮನದು ಬೆಂಗಳೂರಿನ ಕನ್ನಡ. "ಬರ್ತಾರಂತೆ", "ನಮ್ಮನೇಲಿ". ಕೊನೆಯ ಸಾಲಿಗೆ ಬಂದಾಗ ಅವನ ಬಾಯಿಂದ "ಸುತ್ತಬ್ಯಾಡ" ಬಂತು. ಎಷ್ಟೋ ವರ್ಷದ ಬೆಂಗಳೂರು ಒಂದು ಮಾತಿನಲ್ಲಿ ಕಳಚಿಬಿತ್ತು. ಅವನು ಅಳಬೇಕಾಗಿಲ್ಲ, "ಅವ್ವನ ಕೈರುಚಿ" ಅಂತ ಭಾಷಣ ಮಾಡಬೇಕಾಗಿಲ್ಲ. ನಟ ಅಲ್ಲಿ ಒಂದು ಕ್ಷಣ ನಿಲ್ಲಲೂ ಬಾರದು ಅಂತ ನನ್ನ ಅಭಿಪ್ರಾಯ. ಅವನಿಗೇ ಗೊತ್ತಾಗದ ಹಾಗೆ ಬರಬೇಕು.

ನಾಟಕ ನೋಡುವಾಗ ಈ ನಾಲ್ಕು ಪ್ರಶ್ನೆ ಒಂದೊಂದಾಗಿ ಕೇಳಿಕೊಳ್ಳುತ್ತಾ ಕೂತರೆ ನಾಟಕ ತಪ್ಪಿಹೋಗುತ್ತದೆ. ನೋಡುವಾಗ ಸುಮ್ಮನೆ ನೋಡಿ. ಮುಗಿದ ಮೇಲೆ, ಮುಂದಿನ ನಾಟಕದ ಸೆಟ್ ಹಾಕುವ ಆ ಎರಡು ನಿಮಿಷ ಇದೆಯಲ್ಲ, ಆಗ ಕೇಳಿಕೊಳ್ಳಿ. ಆ ಹೊತ್ತಿನಲ್ಲಿ ಫೋನ್ ತೆಗೆಯದಿದ್ದರೆ ಅರ್ಧ ಗೆದ್ದ ಹಾಗೆ.

ಹೆಜ್ಜೆ 5: ಯಾವ ಊರಿನ ಕನ್ನಡ ಅಂತ ಕೇಳಿಸಿಕೊಳ್ಳಿ

ಕನ್ನಡದ ಕಿರುನಾಟಕಕಾರರಿಗೆ ಇರುವ ದೊಡ್ಡ ಅನುಕೂಲ ಇದು. ಒಬ್ಬ ಮನುಷ್ಯ ಬಾಯಿ ತೆರೆದರೆ ಸಾಕು, ಅವನು ಮಂಡ್ಯದವನೋ, ಕುಂದಾಪುರದವನೋ, ಬೀದರಿನವನೋ ಗೊತ್ತಾಗುತ್ತದೆ. ಎರಡು ಪುಟದ ಪರಿಚಯ ಉಳಿಯಿತು. ಹತ್ತು ನಿಮಿಷದ ನಾಟಕಕ್ಕೆ ಅದು ಎಷ್ಟು ದೊಡ್ಡ ಉಳಿತಾಯ ಅಂತ ಯೋಚಿಸಿ.

ಆದರೆ ಇಲ್ಲೇ ಮೋಸವೂ ಇದೆ. ಹಳ್ಳಿಯವನ ಮಾತನ್ನು ನಗಿಸಲಿಕ್ಕೆ ಮಾತ್ರ ಇಟ್ಟುಕೊಳ್ಳುವ ನಾಟಕಗಳು ಇನ್ನೂ ಬರುತ್ತಿವೆ. ಮನೆಕೆಲಸದವಳು ಬಂದ ಕೂಡಲೇ ಭಾಷೆ ಬದಲಾಗುತ್ತದೆ, ಸಭೆ ನಗುತ್ತದೆ. ಪರೀಕ್ಷೆ ಸುಲಭ. ಆ ಪಾತ್ರ ತನ್ನ ಭಾಷೆಯಲ್ಲಿ ಒಂದು ಗಂಭೀರವಾದ ಮಾತು ಆಡುತ್ತದೆಯಾ? ಆಡಿದರೆ ನಾಟಕಕಾರರಿಗೆ ಆ ಭಾಷೆ ಗೊತ್ತು. ಆಡದಿದ್ದರೆ ಅವರು ಅದನ್ನು ವೇಷದ ಹಾಗೆ ತೊಡಿಸಿದ್ದಾರೆ.

ಮೌನದ ಬಗ್ಗೆಯೂ ಒಂದು ಮಾತು. ಎಲ್ಲ ಮೌನವೂ ಆಳವಲ್ಲ. ಕೆಲವೊಮ್ಮೆ ನಟ ಮಾತು ಮರೆತಿರುತ್ತಾನೆ.

ಹೆಜ್ಜೆ 6: ಬರೆದವರು ಯಾರು, ಆಡಿದವರು ಯಾರು, ಬಿಡಿಸಿ ನೋಡಿ

ಹೊಸ ನಾಟಕದಲ್ಲಿ ಇದು ನಿಜಕ್ಕೂ ಕಷ್ಟ. ಹಳೆಯ ನಾಟಕವನ್ನು ನಾಲ್ಕು ತಂಡಗಳಲ್ಲಿ ನೋಡಿದ್ದರೆ ಎಲ್ಲದರಲ್ಲೂ ಉಳಿದದ್ದು ಬರವಣಿಗೆ, ಬದಲಾದದ್ದು ನಿರ್ದೇಶನ ಅಂತ ಹೇಳಬಹುದು. ಹೊಸದಕ್ಕೆ ಇರುವುದು ಒಂದೇ ಪ್ರಯೋಗ. ಚೆನ್ನಾಗಿದ್ದದ್ದು ನಾಟಕವೋ ನಟಿಯೋ?

2005ರಲ್ಲಿ ರಂಗಶಂಕರದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಪಾಠ. ಗಿರೀಶ ಕಾರ್ನಾಡರ 'ಒಡಕಲು ಬಿಂಬ' ಆಗ ಹೊಚ್ಚ ಹೊಸದು. ಒಬ್ಬ ಲೇಖಕಿ, ಟಿವಿ ಪರದೆಯ ಮೇಲಿನ ಅವಳದೇ ಬಿಂಬ, ಇಬ್ಬರ ಮಾತುಕತೆ. ಅದನ್ನು ಕನ್ನಡದಲ್ಲಿ ಅರುಂಧತಿ ನಾಗ್, ಇಂಗ್ಲಿಷಿನಲ್ಲಿ ಅರುಂಧತಿ ರಾಜಾ ಮಾಡಿದರು. ಹತ್ತು ನಿಮಿಷದ ನಾಟಕ ಅದಲ್ಲ, ಒಂದು ಗಂಟೆಯ ಆಸುಪಾಸಿನದು. ಆದರೆ ಅದೇ ಹೊಸ ನಾಟಕವನ್ನು ಎರಡು ಮೈಯಲ್ಲಿ, ಎರಡು ಭಾಷೆಯಲ್ಲಿ ಒಟ್ಟೊಟ್ಟಿಗೇ ನೋಡುವ ಅವಕಾಶ ಪ್ರೇಕ್ಷಕರಿಗೆ ಸಿಗುವುದು ಬಹಳ ಅಪರೂಪ.

ನಮಗೆ ಅಂಥ ಅನುಕೂಲ ಇಲ್ಲದಾಗ ನಾನು ಮಾಡುವುದು ಇಷ್ಟು. ನಾಟಕದ ಒಂದು ಮಾತನ್ನು ಮನೆಗೆ ಹೋಗುವಾಗ ನಾನೇ ಹೇಳಿ ನೋಡುತ್ತೇನೆ, ನನ್ನ ಕೆಟ್ಟ ದನಿಯಲ್ಲಿ. ಆಗಲೂ ಮಾತು ನಿಂತರೆ ಅದು ಬರೆದವರದು. ಬಿದ್ದುಹೋದರೆ ಅದನ್ನು ಎತ್ತಿ ಹಿಡಿದಿದ್ದು ನಟರು. ಬೈಕಿನಲ್ಲಿ ಹೀಗೆ ಮಾಡಿದರೆ ಸಿಗ್ನಲ್‌ನಲ್ಲಿ ಜನ ನೋಡುತ್ತಾರೆ, ಪರವಾಗಿಲ್ಲ.

ಹೆಜ್ಜೆ 7: ಸರದಿಯ ಮೋಸಕ್ಕೆ ಬೀಳಬೇಡಿ

ಒಂದೇ ಸಂಜೆ ಐದಾರು ನಾಟಕ ನೋಡುವಾಗ ಒಂದರ ರುಚಿ ಇನ್ನೊಂದಕ್ಕೆ ಅಂಟುತ್ತದೆ. ಜಿಲೇಬಿ ತಿಂದು ಕಾಫಿ ಕುಡಿದ ಹಾಗೆ. ಜೋರು ನಗೆನಾಟಕದ ಹಿಂದೆ ಬಂದ ಮೆಲುದನಿಯ ನಾಟಕಕ್ಕೆ ಮೊದಲ ಮೂರು ನಿಮಿಷ ಸಿಗುವುದೇ ಇಲ್ಲ. ಸಭೆ ಇನ್ನೂ ಹಿಂದಿನದನ್ನೇ ನಗುತ್ತಿರುತ್ತದೆ. ಕೊನೆಯ ನಾಟಕಕ್ಕೆ ಎಲ್ಲರಿಗೂ ಹಸಿವು.

ಅದಕ್ಕೇ ಪ್ರತಿ ನಾಟಕಕ್ಕೂ ಒಂದು ಸಾಲು ಬರೆದಿಡಿ. ಅಭಿಪ್ರಾಯ ಬೇಡ, ಕಂಡದ್ದು. "ಹೆಂಗಸು ಜಿಪ್ ಮೂರು ಸಲ." "ಅಪ್ಪ ಮಗನ ಚಪ್ಪಲಿ ಹಾಕಿಕೊಂಡು ಹೋದ." ಟಿಕೆಟ್ಟಿನ ಹಿಂದೆ ಬರೆದರೂ ಸಾಕು. ಟಿಕೆಟ್ ಮೊಬೈಲಿನಲ್ಲೇ ಇದ್ದರೆ ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಕತ್ತಲಲ್ಲಿ ಫೋನಿನ ಬೆಳಕು ಹಚ್ಚಿದರೆ ಹಿಂದಿನ ಸಾಲಿನವರ ಶಾಪ ತಟ್ಟುತ್ತದೆ.

ಸಭೆಯ ನಗುವನ್ನೂ ಪೂರ್ತಿ ನಂಬಬೇಡಿ. ಹೊಸ ತಂಡಗಳ ಪ್ರದರ್ಶನದಲ್ಲಿ ಮೊದಲ ಮೂರು ಸಾಲು ನಟರ ಚಿಕ್ಕಮ್ಮ, ಆಫೀಸಿನ ಗೆಳೆಯರು, ಹಾಸ್ಟೆಲಿನ ಹುಡುಗರು. ಅವರು ನಗುವುದು ಪಾತ್ರಕ್ಕಲ್ಲ, ನಮ್ಮ ಹುಡುಗ ಸೀರೆ ಉಟ್ಟಿದ್ದಾನೆ ಅಂತ. ಅದರಲ್ಲಿ ತಪ್ಪೇನಿಲ್ಲ, ರಂಗಭೂಮಿ ಬದುಕಿರುವುದೇ ಅಂಥ ಚಿಕ್ಕಮ್ಮಂದಿರಿಂದ. ಲೆಕ್ಕಕ್ಕೆ ಮಾತ್ರ ತಗೋಬೇಡಿ.

ಹೆಜ್ಜೆ 8: ಸೋಲುವ ಜಾಗಗಳನ್ನು ಗುರುತಿಸಿ

ಹೊಸ ಕಿರುನಾಟಕಗಳು ಬೀಳುವ ಹೊಂಡಗಳು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ನಾಲ್ಕೈದು ಸಂಜೆ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಪರಿಚಯದ ಹೊಂಡ: "ನೀನು ನನ್ನ ಸ್ವಂತ ತಂಗಿ, ಅಮೆರಿಕದಿಂದ ಬಂದು ಮೂರು ದಿನ ಆಯ್ತು, ಆದ್ರೂ ಅಪ್ಪನ ಹತ್ರ ಮಾತಾಡಿಲ್ಲ." ಯಾವ ಅಣ್ಣ ಹೀಗೆ ಮಾತಾಡುತ್ತಾನೆ? ತಂಗಿಗೆ ಇದೆಲ್ಲ ಗೊತ್ತು. ಅವನು ಹೇಳುತ್ತಿರುವುದು ನಮಗೆ.

ಫೋನಿನ ಹೊಂಡ: ಏನು ಮಾಡಬೇಕು ಅಂತ ತಿಳಿಯದಾಗ ಫೋನ್ ಹೊಡೆದುಕೊಳ್ಳುತ್ತದೆ. ಆ ಕಡೆಯವರ ಮಾತನ್ನು ಈ ಕಡೆಯವರು ಪೂರ್ತಿ ಒಪ್ಪಿಸುತ್ತಾರೆ. "ಏನು? ಆಕ್ಸಿಡೆಂಟಾ? ಯಾವ ಆಸ್ಪತ್ರೆ?"

ನಾಟಕದ ಕೊನೆಗೆ ಒಬ್ಬ ಮುಂದೆ ಬಂದು ಬೆಳಕಿನಲ್ಲಿ ನಿಂತು ಇಡೀ ನಾಟಕದ ಅರ್ಥ ಹೇಳುವುದು ಇನ್ನೊಂದು. ಬೀದಿನಾಟಕದಲ್ಲಿ ಇದಕ್ಕೆ ಜಾಗ ಇದೆ. ಒಳಾಂಗಣದಲ್ಲಿ ಅದು ನಮ್ಮ ಮೇಲೆ ನಂಬಿಕೆ ಇಲ್ಲದ ಲಕ್ಷಣ. ಆಮೇಲೆ ಆ ಕೊನೆಯ ಟ್ವಿಸ್ಟು. ಅವಳು ಸತ್ತೇ ಹತ್ತು ವರ್ಷ ಆಗಿತ್ತು, ಇದೆಲ್ಲ ಕನಸು, ಅವನೇ ಕೊಲೆಗಾರ. ಟ್ವಿಸ್ಟಿಗೂ ಹೊರಳಿಗೂ ವ್ಯತ್ಯಾಸ ಇದೆ. ಟ್ವಿಸ್ಟ್ ಗೊತ್ತಾದ ಮೇಲೆ ಎರಡನೇ ಸಲ ನೋಡಲು ಬೇಜಾರು. ಹೊರಳು ಗೊತ್ತಿದ್ದರೆ ಎರಡನೇ ಸಲ ಅದು ಬರುವ ದಾರಿ ನೋಡುವುದೇ ಖುಷಿ.

ಸ್ಕಿಟ್‌ಗೂ ನಾಟಕಕ್ಕೂ ಏನು ವ್ಯತ್ಯಾಸ ಅಂತ ಬಹಳ ಜನ ಕೇಳುತ್ತಾರೆ. ನನಗೆ ತೋಚಿದ್ದು ಇಷ್ಟು. ಸ್ಕಿಟ್‌ನಲ್ಲಿ ಜೋಕು ಮುಗಿದಾಗ ಅದರೊಳಗಿನ ಜನವೂ ಮುಗಿಯುತ್ತಾರೆ. ನಾಟಕದಲ್ಲಿ ದೀಪ ಆರಿದ ಮೇಲೂ ಅವರು ಅಲ್ಲೇ ಕತ್ತಲಲ್ಲಿ ಏನೋ ಮಾಡುತ್ತಿದ್ದಾರೆ ಅನ್ನಿಸುತ್ತದೆ.

ಇಷ್ಟೆಲ್ಲ ಹೇಳಿದರೂ, ಹೊಸಬರ ನಾಟಕದಲ್ಲಿ ಹೊಂಡಗಳನ್ನು ಎಣಿಸುವುದೇ ಕೆಲಸ ಮಾಡಿಕೊಳ್ಳಬೇಡಿ. ಮೂರು ಹೊಂಡಕ್ಕೆ ಬಿದ್ದ ನಾಟಕದಲ್ಲಿ ಒಂದು ನಿಜವಾದ ಮಾತು ಇದ್ದರೆ, ನುಣ್ಣಗೆ ಓಡಿದ ನಾಟಕಕ್ಕಿಂತ ಅದೇ ದೊಡ್ಡದು.

ಹೆಜ್ಜೆ 9: ಸಿಕ್ಕರೆ ಹಸ್ತಪ್ರತಿ ಓದಿ

ನಾಟಕ ಇಷ್ಟವಾದರೆ ಬರೆದವರನ್ನು ಕೇಳಿ. ಹೊಸ ನಾಟಕಕಾರರಿಗೆ ಓದುಗರು ಸಿಗುವುದೇ ಕಷ್ಟ. ಬಹುಪಾಲು ಜನ ಖುಷಿಯಿಂದ ಕಳಿಸುತ್ತಾರೆ. ಕಳಿಸಿದ್ದನ್ನು ಇನ್ನೊಬ್ಬರಿಗೆ ದಾಟಿಸಬೇಡಿ, ಅವರ ಅಪ್ಪಣೆ ಇಲ್ಲದೆ ಆಡಬೇಡಿ.

ಕಥೆ ಓದಿದ ಹಾಗೆ ಒಬ್ಬರೇ ಮನಸ್ಸಲ್ಲೇ ಓದಿದರೆ ಅರ್ಧವೂ ಸಿಗಲ್ಲ. ಇಬ್ಬರು ಕೂತು ಪಾತ್ರ ಹಂಚಿಕೊಂಡು ಜೋರಾಗಿ ಓದಿ. ಟೈಪ್ ಮಾಡಿದ ಒಂದು ಪುಟ ರಂಗದ ಮೇಲೆ ಸುಮಾರು ಒಂದು ನಿಮಿಷ ಅನ್ನುವುದು ರೂಢಿಯ ಲೆಕ್ಕ. ಹಾಗಾದರೆ ಹತ್ತು ಪುಟ, ಒಂದು ಚಹಾದ ಹೊತ್ತು. ಆವರಣದಲ್ಲಿರುವ ಸೂಚನೆಗಳನ್ನು ಹಾರಿಸಬೇಡಿ. ಮೇಲಿನ ತುಣುಕಿನಲ್ಲಿ "ಆಮೇಲೆ ಅವಳ ಕೈ ನೋಡುತ್ತಾನೆ" ಅನ್ನೋದು ಹಾರಿಹೋದರೆ ಕೊನೆಯ ಸಾಲಿಗೆ ಕಾಲೇ ಇಲ್ಲ.

ಆಮೇಲೆ ಒಂದು ಆಟ. ಪೆನ್ಸಿಲ್ ಹಿಡಿದು ಒಂದು ಸಾಲು ಹೊಡೆದುಹಾಕಿ, ಮತ್ತೆ ಓದಿ. ಏನೂ ಕಮ್ಮಿ ಆಗಲಿಲ್ಲ ಅಂದರೆ ಆ ಸಾಲು ಬೇಕಿರಲಿಲ್ಲ. ಏನೋ ಕುಸಿದರೆ ಅದು ಕಂಬ. ಒಳ್ಳೆಯ ಕಿರುನಾಟಕದಲ್ಲಿ ಹೊಡೆದುಹಾಕಲು ಸಾಲು ಹುಡುಕುವುದೇ ಕಷ್ಟ.

ಹೆಜ್ಜೆ 10: ಮಾತಾಡಿ, ಆದರೆ ಒಂದು ರಾತ್ರಿ ಬಿಟ್ಟು

ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ರಾತ್ರಿ ನೋಡಿದ ನಾಟಕದ ಚರ್ಚೆ ಮರುದಿನ ಬೆಳಿಗ್ಗೆ. ನಡುವೆ ಒಂದು ನಿದ್ದೆ. ಆ ನಿದ್ದೆ ಅರ್ಧ ಜಗಳ ಕಮ್ಮಿ ಮಾಡುತ್ತದೆ, ಉಳಿದದ್ದು ಯಾವುದು ಅಂತಲೂ ತೋರಿಸುತ್ತದೆ. ಊರಿನಲ್ಲಿ ಎಲ್ಲರಿಗೂ ಅದು ಆಗಲ್ಲ. ನಾಟಕ ಮುಗಿದ ಕೂಡಲೇ ಸಂವಾದ ಅಂತ ಕುರ್ಚಿ ಹಾಕಿಬಿಡುತ್ತಾರೆ.

ಅಲ್ಲಿ ದಯವಿಟ್ಟು "ನಿಮ್ಮ ನಾಟಕದ ಸಂದೇಶ ಏನು?" ಅಂತ ಕೇಳಬೇಡಿ. ನಾಟಕಕಾರರಿಗೆ ಅದನ್ನು ಒಂದು ಸಾಲಿನಲ್ಲಿ ಹೇಳಲು ಬಂದಿದ್ದರೆ ಹತ್ತು ಪುಟ ಬರೆಯುತ್ತಿರಲಿಲ್ಲ. "ನಾನಾಗಿದ್ದರೆ ಹೀಗೆ ಮುಗಿಸುತ್ತಿದ್ದೆ" ಅನ್ನೋದೂ ಬೇಡ. ಹಾಗಿದ್ದರೆ ಹೋಗಿ ಬರೆಯಿರಿ. ಏನು ಕೇಳಬಹುದು ಅಂದರೆ: ಆ ಹೆಂಗಸು ಜಿಪ್ ತೆಗೆದಾಗ ಒಳಗೆ ಏನೋ ಇದೆ ಅಂತ ನಾನು ಅಂದುಕೊಂಡೆ, ಅದು ನಿಮ್ಮ ಲೆಕ್ಕದಲ್ಲಿತ್ತಾ? ಹೀಗೆ ಕಂಡದ್ದನ್ನು ಮುಂದಿಟ್ಟು ಕೇಳಿದರೆ ಬರೆದವರೂ ಬಾಯಿ ಬಿಡುತ್ತಾರೆ. ಕೆಲವೊಮ್ಮೆ ಅವರಿಗೇ ಗೊತ್ತಿರದ್ದು ಗೊತ್ತಾಗುತ್ತದೆ.

ಇಷ್ಟವಾಗದಿದ್ದರೆ ಅದನ್ನೂ ಹೇಳಿ. ಎಲ್ಲಿ ನಿಮ್ಮ ಗಮನ ಜಾರಿತು ಅಂತ ಜಾಗ ತೋರಿಸಿ ಹೇಳಿ. "ಅಪ್ಪ ಎರಡನೇ ಸಲ ಕಾಗದ ಓದಿದಾಗ ನಾನು ಗಡಿಯಾರ ನೋಡಿದೆ" ಅಂದರೆ ನಾಟಕಕಾರರಿಗೆ ಅದು ಕೆಲಸಕ್ಕೆ ಬರುತ್ತದೆ. "ಯಾಕೋ ಹಿಡಿಸಲಿಲ್ಲ" ಅಂದರೆ ರಾತ್ರಿ ನಿದ್ದೆ ಬರಲ್ಲ, ಅಷ್ಟೇ.

ಹಂಚಿನ ತುಣುಕಿನ ಮಾತು ಮುಗಿದಿಲ್ಲ. ಅದನ್ನು ಇಲ್ಲಿ ಹಾಕುವ ಮೊದಲು ಒಂದು ಭಾನುವಾರ ಇಬ್ಬರು ಗೆಳೆಯರ ಹತ್ತಿರ ಓದಿಸಿದೆ. ಅಕ್ಕನ ಪಾತ್ರ ಓದಿದವಳು ಧಾರವಾಡದ ಕಡೆಯವಳು. ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೊರಳಿನ ಬಗ್ಗೆ, ಕೊನೆಯ ಸಾಲಿನ ಬಗ್ಗೆ ಏನೂ ಹೇಳಲಿಲ್ಲ. "ಹಂಚು ಯಾರರ ಪೇಪರದಾಗ ಸುತ್ತತಾರೇನು? ಹಳೇ ಸೀರಿ ಇರತೈತಲ್ಲ ಮನ್ಯಾಗ" ಅಂದಳು.

ಪೆನ್ಸಿಲ್ ತಗೊಂಡು ನನ್ನ ಪ್ರತಿಯಲ್ಲಿ 'ಪೇಪರು' ಹೊಡೆದುಹಾಕಿ 'ಹಳೇ ಸೀರೆ' ಅಂತ ಬರೆದೆ. ಬರೆದ ಮೇಲೆ ತಮ್ಮ ನೋಡುವುದು ಅಕ್ಕನ ಕೈಯನ್ನೋ ಸೀರೆಯನ್ನೋ ಅಂತ ಗೊಂದಲ ಶುರುವಾಯಿತು. ಮೇಲಿನ ತುಣುಕಿನಲ್ಲಿ ಸದ್ಯಕ್ಕೆ ಪೇಪರೇ ಇದೆ.